ಮೂರು ಹಾರ್ನಿಗೆ ಒಂದು ಗರುಡ

ನಿಮಗೆ ಹೀಗೆ ಆಗಿದೆಯೇ ಮಾರಾಯ್ರೆ? ಬೆಳಿಗ್ಗೆ ಮನೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಎದುರಿನ ಕರೆಂಟ್ ಕಂಬದ ಕಾಗೆ ನಿಮ್ಮನ್ನು ನೋಡಿ, ಪಕ್ಕದ ಕಾಗೆಗೆ ಹೇಳಿ, ಅದು ಇನ್ನೊಂದಕ್ಕೆ ಹೇಳಿ, ನೀವು ಮುಖ್ಯ ರಸ್ತೆ ಮುಟ್ಟುವಷ್ಟರಲ್ಲಿ ಹಿಂದೆ ಒಂದು ಮೆರವಣಿಗೆಯೇ ಬರುವುದು? ಅಂಗಡಿಯ ಶಟರ್ ಎತ್ತುವಾಗ ತಲೆಯ ಮೇಲೆ ಹದ್ದು ಸುತ್ತುವುದು? ಗಿರಾಕಿಗಳು, "ಎಂತ ಜಗದೀಶಣ್ಣ, ಒಳಗೆ ಏನಾದ್ರೂ ಸತ್ತಿದೆಯಾ?" ಎಂದು ಮೂಗು ಮುಚ್ಚಿಕೊಳ್ಳುವುದು?

ಆಗಿಲ್ಲವಾದರೆ ನೀವು ಪುಣ್ಯವಂತರು. ನನಗೆ ಆಗಿದೆ. ಈಗಲೂ ಆಗುತ್ತಿದೆ. ಇದನ್ನು ಟೈಪ್ ಮಾಡುವಾಗಲೂ ಕಿಟಕಿಯ ಸರಳಿನ ಮೇಲೆ ಒಂದು ಕಾಗೆ ಕೂತು ನನ್ನ ಮೊಬೈಲನ್ನೇ ನೋಡುತ್ತಿದೆ. ಓದಲಿಕ್ಕೂ ಬರುತ್ತದೆಯೋ ಏನೋ!

ಮೊದಲು ನನ್ನ ಪರಿಚಯ. ಬಿ.ಸಿ.ರೋಡಿನಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಉಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಮುತ್ತ ಎಲ್ಲಿ ಗುಡಿ ಹೊಸತಾಗಿ ಬ್ರಹ್ಮಕಲಶ ಆದರೂ ಸ್ವಾಗತ ಕೋರುವ ಬ್ಯಾನರು ನನ್ನಲ್ಲಿಯೇ ಆಗುವುದು. ಆ ಬ್ಯಾನರಿನಲ್ಲಿ ಗುಡಿಯ ಮೇಲೆ ಒಂದು ಗರುಡ ಹಾರುತ್ತಿರಬೇಕು. ಅದು ಕಡ್ಡಾಯ. "ಇನ್ನು ಸ್ವಲ್ಪ ಎಡಕ್ಕೆ" ಎಂದರೆ ಎಡಕ್ಕೆ, "ದೊಡ್ಡದು ಮಾಡಿ" ಎಂದರೆ ದೊಡ್ಡದು. ಹೀಗೆ ವರ್ಷಗಟ್ಟಲೆ ಮೌಸಿನ ತುದಿಯಲ್ಲಿ ಗರುಡನನ್ನು ಎಳೆದಾಡಿದವನು ನಾನು. ಅದರಿಂದ ನನಗೆ ಒಂದು ಧೈರ್ಯ ಬಂದಿತ್ತು. ಗರುಡ ಎಂದರೆ ನಾನು ಹೇಳಿದಲ್ಲಿಗೆ ಬರುವ ಹಕ್ಕಿ!

ಆ ಧೈರ್ಯವೇ ನನ್ನನ್ನು ತಿಂದದ್ದು.

ವಿಷಯ ನನ್ನ ಹೆಂಡತಿ ವೀಣಾಳ ತವರಿನದ್ದು. ನಮ್ಮ ಮನೆ ಪಾಣೆಮಂಗಳೂರಿನಲ್ಲಿ. ಅವಳ ಕುಟುಂಬದ ದೈವಸ್ಥಾನ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಹಿಂದೆ ಅದು ರಸ್ತೆಯ ಅಂಚಿನಲ್ಲಿತ್ತು. ರಸ್ತೆ ಅಗಲ ಆಗಿ ಆಗಿ ಗುಡಿಯ ಮೆಟ್ಟಿಲಿಗೇ ಬಂದು ನಿಂತಾಗ, ಕುಟುಂಬದ ಯಜಮಾನರಾದ ಸಂಜೀವ ಮಾವ, ಅಂದರೆ ವೀಣಾಳ ಸೋದರಮಾವ, ಜೋಯಿಸರಿಂದ ಪ್ರಶ್ನೆ ಇಡಿಸಿ ಕೇಳಿ, ಅದೇ ಜಾಗದಲ್ಲಿ ಸ್ವಲ್ಪ ಹಿಂದಕ್ಕೆ ಹೊಸ ಗುಡಿ ಕಟ್ಟಿಸಿದರು. ಓಡಾಡಿ ಓಡಾಡಿ ಚಪ್ಪಲಿ ಸವೆಸಿದರು, ನಿದ್ದೆ ಬಿಟ್ಟರು, ಬಿಪಿ ಬರಿಸಿಕೊಂಡರು. ಎಲ್ಲ ಸರಿ. ಆದರೆ ಕುಟುಂಬದಲ್ಲಿ ಎರಡು ಮನೆ. ಮೇಲಿನ ಮನೆ ಮಾವನದ್ದು. ಕೆಳಗಿನ ಮನೆಯ ಹಿರಿಯರು ಶಿರ್ತಾಡಿ ದೊಡ್ಡಮ್ಮ. ಮಾವನಿಗೆ ಅಕ್ಕ ಆಗಬೇಕು. ಎರಡು ಮನೆಗೂ ನನ್ನ ಮದುವೆಗಿಂತ ಮೊದಲೇ ಮಾತುಕತೆ ಅಷ್ಟಕ್ಕಷ್ಟೇ. ಗುಡಿ ಹಿಂದೆ ಸರಿದದ್ದಂತೂ ಅವರಿಗೆ ಸರಿಬರಲಿಲ್ಲ. ಅವತ್ತಿನಿಂದ ಕೆಳಗಿನ ಮನೆಯವರು ಮೇಲಿನ ಮನೆಯ ಯಾವ ಕಾರ್ಯಕ್ರಮಕ್ಕೆ ಬಂದರೂ ಪ್ರಸಾದ ತೆಗೆದುಕೊಂಡು, ಊಟ ಮಾಡದೆ ಬಸ್ಸು ಹತ್ತುತ್ತಾರೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ಯುದ್ಧ ಇಲ್ಲ.

ಬ್ರಹ್ಮಕಲಶದ ತಯಾರಿಗೆ ಕರೆದ ಸಭೆಯಲ್ಲಿ ದೊಡ್ಡಮ್ಮ ಶುರು ಮಾಡಿದರು.

"ಸಂಜೀವ, ಜಾಗ ಕದಲಿಸಿದ್ದು ಸರಿ ಆಗ್ಲಿಲ್ಲ. ದೈವಕ್ಕೆ ಒಪ್ಪಿಗೆ ಉಂಟಾ ಇಲ್ವಾ, ಯಾರಿಗೆ ಗೊತ್ತು?"

"ಅಕ್ಕ, ಪ್ರಶ್ನೆ ಇಟ್ಟು ಕೇಳಿದ್ದೇವಲ್ಲ?"

"ನೀನು ಕರೆಸಿದ ಜೋಯಿಸರು ನಿನಗೆ ಬೇಕಾದದ್ದನ್ನೇ ಹೇಳ್ತಾರೆ."

ಮಾವನ ಮುಖ ಕೆಂಪಾಯಿತು. ಎದ್ದು ನಿಂತರು. ಅವರು ಎದ್ದು ನಿಂತಾಗಲೆಲ್ಲ ಏನಾದರೂ ಹಾಳಾಗುತ್ತದೆ.

"ಹಾಗಾದ್ರೆ ಎಲ್ಲರೂ ಕೇಳಿ! ಗುಡಿಗೆ ಮುಗುಳಿ ಇಡುವ ಹೊತ್ತಿಗೆ ಗರುಡ ಬಂದು ಮೇಲೆ ಮೂರು ಸುತ್ತು ಹಾಕ್ಬೇಕು. ಹಾಕದಿದ್ರೆ ದೈವಕ್ಕೆ ಒಪ್ಪಿಗೆ ಇಲ್ಲ ಅಂತಲೇ ಲೆಕ್ಕ. ನಾನು ಯಜಮಾನಿಕೆ ಬಿಡ್ತೇನೆ. ಕೆಳಗಿನ ಮನೆಯವರೇ ಇಟ್ಕೊಳ್ಳಿ!"

ಮುಗುಳಿ ಎಂದರೆ ಗುಡಿಯ ಮಾಡಿನ ತುದಿಯಲ್ಲಿ ಕೂರಿಸುವ ಚೂಪು ಕಲಶ. ಅದಕ್ಕೆ ತಂತ್ರಿಗಳು ತೀರ್ಥ ಎರೆಯುವಾಗ ಆಕಾಶದಲ್ಲಿ ಗರುಡ ಕಂಡರೆ ದೇವರೇ ಸಹಿ ಹಾಕಿದ ಹಾಗೆ. ನಮ್ಮಲ್ಲಿ ಎಲ್ಲರೂ ಕತ್ತು ಮೇಲೆ ಮಾಡಿ ಕಾಯುತ್ತಾರೆ. ಸಭೆಯಲ್ಲಿದ್ದ ನನ್ನ ಷಡ್ಡಕ, ಬೆಳ್ತಂಗಡಿಯವನು, ಕೂಡಲೇ ಮೊಬೈಲು ತೆಗೆದು ತನ್ನ ಕುಟುಂಬದ ಬ್ರಹ್ಮಕಲಶದ ವಿಡಿಯೋ ಎಲ್ಲರಿಗೂ ತೋರಿಸಿದ.

"ನಮ್ಮಲ್ಲಿ ಎರಡು ಗರುಡ ಬಂದಿತ್ತು. ಕರೆಯದೆಯೇ."

ಸಭೆ ಮುಗಿದ ಮೇಲೆ ಮಾವ ನನ್ನನ್ನು ಹಲಸಿನ ಮರದ ಹಿಂದೆ ಕರೆದುಕೊಂಡು ಹೋದರು. ಸೊಂಟದ ಬೀಗದ ಕೈಯನ್ನು ತಿರುವುತ್ತಲೇ ಇದ್ದರು.

"ಜಗದೀಶ, ಸಿಟ್ಟಲ್ಲಿ ಬಾಯಿಂದ ಬಂದು ಹೋಯ್ತು ಮಾರಾಯ. ಈಗ ಎಂತ ಮಾಡುದು? ಗರುಡ ನಾನು ಫೋನ್ ಮಾಡಿದ್ರೆ ತೆಗೀತದಾ? ಯಜಮಾನಿಕೆ ಹೋದ್ರೆ ನಾನು ಯಾರು? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುದು?"

ಆ ಮನುಷ್ಯನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಇರುವುದೊಂದೇ, ಆ ಗುಡಿಯ ಬೀಗದ ಕೈ. ನಾನು ಅವರ ಭುಜದ ಮೇಲೆ ಕೈಯಿಟ್ಟೆ. ಧ್ವನಿ ಗಂಭೀರ ಮಾಡಿದೆ.

"ಮಾವ, ಗರುಡನ ವಿಭಾಗ ನನಗೆ ಬಿಡಿ."

ನನ್ನ ಧೈರ್ಯಕ್ಕೆ ಆಧಾರ ಇಲ್ಲದೆ ಇರಲಿಲ್ಲ. ಈಗಿನ ಹಕ್ಕಿಗಳು ಹಿಂದಿನ ಹಾಗೆ ಅಲ್ಲ ಮಾರಾಯ್ರೆ. ಎಲ್ಲವೂ ಪೇಟೆಗೆ ಬಂದು, ನಮಗಿಂತ ಚೆನ್ನಾಗಿ ಬದುಕುತ್ತಿವೆ. ನಮ್ಮ ಮೀಟರ್ ಬೋರ್ಡಿನ ಮೇಲೆ ಪಿಕಳಾರದ ಸಂಸಾರ. ಕರೆಂಟಿನವ ರೀಡಿಂಗಿಗೆ ಬಂದರೆ ಅದು ಅವನ ತಲೆಗೇ ಕುಟ್ಟುತ್ತದೆ. ಕಾಲಿಂಗ್ ಬೆಲ್ಲಿನ ವಯರಿಗೆ ಸೂರಕ್ಕಿ ಗೂಡು ನೇತುಹಾಕಿದ ಮೇಲೆ, ನಮ್ಮ ಮನೆಗೆ ಬಂದವರು ಬೆಲ್ಲು ಒತ್ತುವ ಹಾಗಿಲ್ಲ, ಕೆಮ್ಮಬೇಕು. ಬೆಳ್ಳಕ್ಕಿಗಳು ಎಮ್ಮೆಯ ಬೆನ್ನು ಬಿಟ್ಟು ಎಷ್ಟೋ ಕಾಲವಾಯಿತು. ಈಗ ಜೆಸಿಬಿಯ ಹಿಂದೆ ಹೋಗುತ್ತವೆ. ಮಣ್ಣು ಎತ್ತಿದ ಕೂಡಲೇ ಹುಳ ರೆಡಿ! ಕಸದ ಗಾಡಿ ಯಾವ ಬೀದಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಮಗೆ ಗೊತ್ತಿಲ್ಲ, ಅವಕ್ಕೆ ಗೊತ್ತುಂಟು.

ಇನ್ನು ಗರುಡ. ಬಿಳಿ ತಲೆ, ಬಿಳಿ ಎದೆ, ಮೈಯೆಲ್ಲ ಇಟ್ಟಿಗೆ ಬಣ್ಣ. ಹಿಂದೆ ನೇತ್ರಾವತಿಯ ಮೇಲೆ ಸುತ್ತಿ ಸುತ್ತಿ, ಸರ್ರನೆ ಇಳಿದು ಮೀನು ಹಿಡಿದು ಬದುಕುತ್ತಿದ್ದ ಹಕ್ಕಿ. ಈಗ ಮೊಬೈಲ್ ಟವರಿನ ತುದಿಯಲ್ಲಿ ಕೂತು ಮೀನು ಮಾರ್ಕೆಟಿನ ಬಾಗಿಲು ತೆಗೆಯುವುದನ್ನು ಕಾಯುತ್ತದೆ. ಕಷ್ಟಪಟ್ಟು ಯಾಕೆ ಹಿಡಿಯಬೇಕು, ಹೋಮ್ ಡೆಲಿವರಿ ಇರುವಾಗ?

ಹೌದು, ಹೋಮ್ ಡೆಲಿವರಿಯೇ! ನಮ್ಮ ಬೀದಿಗೆ ದಿನಾ ಬೆಳಿಗ್ಗೆ ಮೀನಿನ ಉಮೇಶಣ್ಣ ಸ್ಕೂಟರಿನಲ್ಲಿ ಬರುತ್ತಾನೆ. ಹಿಂದೆ ಐಸಿನ ಪೆಟ್ಟಿಗೆ, ಮುಂದೆ ತಕ್ಕಡಿ. ಹಾರ್ನು ಅವನದ್ದೇ ಒಂದು ರಾಗ, "ಪೋಂ ಪೋಂ ಪೋಂಯ್ಯ್". ಆ ಮೂರನೆಯದನ್ನು ಅವನು ಸ್ವಲ್ಪ ಎಳೆಯುತ್ತಾನೆ. ಹಾರ್ನು ಕೇಳಿ ವೀಣಾ ಪಾತ್ರೆ ಹಿಡಿದು ಗೇಟಿಗೆ ಬರುವಷ್ಟರಲ್ಲಿ ಬೆಕ್ಕು ಬಂದಿರುತ್ತದೆ, ಕಾಗೆ ಬಂದಿರುತ್ತದೆ, ಟವರಿನಿಂದ ಗರುಡವೂ ಬಂದು ಮೇಲೆ ಸುತ್ತುತ್ತಿರುತ್ತದೆ. ಉಮೇಶಣ್ಣ ಬಂಗುಡೆಯ ತಲೆ ಕತ್ತರಿಸಿ ಮೇಲಕ್ಕೆ ಎಸೆದರೆ, ಅದು ನೆಲ ಮುಟ್ಟುವುದಿಲ್ಲ. ಆ ಗರುಡಕ್ಕೆ ಅವನು ಹೆಸರು ಬೇರೆ ಇಟ್ಟಿದ್ದಾನೆ. ಮ್ಯಾನೇಜರ್!

ಈಗ ನಿಮಗೆ ನನ್ನ ಯೋಜನೆ ಹೊಳೆದಿರಬಹುದು. ಮುಗುಳಿ ಇಡುವ ಹೊತ್ತಿಗೆ ಉಮೇಶಣ್ಣ ದೈವಸ್ಥಾನದ ಆಚೆ, ಮುಖ್ಯ ರಸ್ತೆಯಲ್ಲಿ ಮೂರು ಹಾರ್ನು ಹೊಡೆಯುವುದು. ಮೀನಿಲ್ಲ! ಪೆಟ್ಟಿಗೆಯಿಲ್ಲ! ತೊಳೆದ ಸ್ಕೂಟರು, ಸ್ನಾನ ಮಾಡಿದ ಉಮೇಶಣ್ಣ, ಬರೀ ಶಬ್ದ. ಶಬ್ದಕ್ಕೆ ಮೈಲಿಗೆ ಉಂಟೇ? ಇಲ್ಲ. ನಾನು ಎಲ್ಲ ಕೋನದಿಂದ ಆಲೋಚನೆ ಮಾಡಿದ್ದೆ!

ವೀಣಾಳಿಗೆ ಹೇಳಿದೆ. ಅವಳು ತೆಂಗಿನಕಾಯಿ ಹೆರೆಯುವುದನ್ನು ನಿಲ್ಲಿಸಿದಳು.

"ನಿಮಗೆ ತಲೆ ಸರಿ ಉಂಟಾ?"

"ಯಾಕೆ?"

"ದೇವರ ಕೆಲಸಕ್ಕೆ ಮೀನಿನ ಹಾರ್ನಾ? ಮಾವನಿಗೆ ಗೊತ್ತುಂಟಾ ಇದು?"

"ಗೊತ್ತಾಗ್ಬಾರ್ದು. ಅವರಿಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ."

"ನಿಮಗೂ ಬರುದಿಲ್ಲ ಮಾರಾಯ್ರೆ. ಸಿಕ್ಕಿ ಬೀಳುದು ಮಾತ್ರ ಬರ್ತದೆ."

ನಾನು ಈ ಟೀಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೊಡ್ಡ ಕೆಲಸಕ್ಕೆ ಹೊರಟವರಿಗೆ ಮನೆಯಿಂದಲೇ ವಿರೋಧ ಬರುವುದು ಸಹಜ.

ಉಮೇಶಣ್ಣ ಮಾತ್ರ ಖುಷಿಯಲ್ಲಿ ಕುಣಿದ. "ನನ್ನ ಮ್ಯಾನೇಜರ್ ದೇವರ ಕೆಲಸಕ್ಕೆ ಬರುದಾ! ಬಿಡಿ ಜಗದೀಶಣ್ಣ, ಮೂರು ಅಲ್ಲ, ಹತ್ತು ಸುತ್ತು ಹಾಕಿಸುವ. ಆದ್ರೆ ಒಂದು ವಿಷಯ. ಮ್ಯಾನೇಜರ್‌ಗೆ ನಿಮ್ಮ ಗುಡಿಯ ಜಾಗ ಅಭ್ಯಾಸ ಇಲ್ಲ. ಸ್ವಲ್ಪ ಪ್ರಾಕ್ಟೀಸ್ ಬೇಕು."

ಪ್ರಾಕ್ಟೀಸ್ ಶುರುವಾಯಿತು. ದೈವಸ್ಥಾನದ ಕಂಪೌಂಡಿನ ಹಿಂದೆ ಒಂದು ಖಾಲಿ ಸೈಟು. ದಿನಾ ಬೆಳಿಗ್ಗೆ ಉಮೇಶಣ್ಣ ಮುಖ್ಯ ರಸ್ತೆಯಲ್ಲಿ ಹಾರ್ನು ಹೊಡೆಯುವುದು, ನಾನು ಆ ಸೈಟಿನಲ್ಲಿ ಬಕೆಟು ಹಿಡಿದು ನಿಂತು ಬಂಗುಡೆ ತಲೆ ಮೇಲಕ್ಕೆ ಎಸೆಯುವುದು. ಮೊದಲ ದಿನ ನಾನು ಎಸೆದದ್ದು ನನ್ನ ತಲೆಯ ಮೇಲೆಯೇ ಬಿತ್ತು. ಎರಡನೇ ದಿನ ಪಕ್ಕದ ಮನೆಯವರ ಒಣಗಲು ಹಾಕಿದ ಬೆಡ್‌ಶೀಟಿನ ಮೇಲೆ. ಆಮೇಲೆ ಕೈ ಕುದುರಿತು. ಮ್ಯಾನೇಜರ್ ಬಂದ! ಎಂಥ ಗಾಂಭೀರ್ಯ, ಎಂಥ ತಿರುಗು! ನಾನು ಫ್ಲೆಕ್ಸಿನಲ್ಲಿ ಹಾಕುವ ಗರುಡಕ್ಕಿಂತಲೂ ಚೆನ್ನಾಗಿತ್ತು.

ಆದರೆ ಅದು ಒಂದೇ ಬರಲಿಲ್ಲ. ಊಟ ಉಂಟು ಎಂಬ ಸುದ್ದಿ ಪೇಟೆಯ ಹಕ್ಕಿಗಳಲ್ಲಿ ವಾಟ್ಸಾಪಿಗಿಂತ ಬೇಗ ಹರಡುತ್ತದೆ. ಮೊದಲು ಕಾಗೆಗಳು. ಆಮೇಲೆ ಕಪ್ಪು ಹದ್ದುಗಳು. ಜೆಸಿಬಿ ಬಿಟ್ಟು ಬೆಳ್ಳಕ್ಕಿಗಳು. ಒಂದು ವಾರ ಆಗುವಷ್ಟರಲ್ಲಿ ನಾನು ಸೈಟಿಗೆ ಕಾಲಿಟ್ಟರೆ ಆಕಾಶ ಕಪ್ಪಾಗುತ್ತಿತ್ತು. ಅದಕ್ಕಿಂತ ಕಷ್ಟದ ವಿಷಯ, ಅವು ಹಾರ್ನು ಕಾಯುವುದನ್ನೇ ಬಿಟ್ಟವು. ನನ್ನನ್ನು ಕಾಯತೊಡಗಿದವು. ನನ್ನ ತಲೆ ಬೋಳು. ಬಿಸಿಲಿಗೆ ದೂರದಿಂದಲೇ ಹೊಳೆಯುತ್ತದೆ. ಟವರಿನ ತುದಿಯಿಂದ ನೋಡಿದರೆ ಹೇಗೆ ಕಾಣುತ್ತಿರಬಹುದು ಎಂದು ನೀವೇ ಊಹಿಸಿ!

ಅಷ್ಟರಲ್ಲಿ ಗೊನೆ ಮುಹೂರ್ತ ಬಂತು. ಬ್ರಹ್ಮಕಲಶಕ್ಕೆ ಬಾಳೆಗೊನೆ ಕಡಿಯುವ ಶಾಸ್ತ್ರ. ಅದು ಆದ ಮೇಲೆ ಕುಟುಂಬದವರು ಯಾರೂ ಮೀನು, ಮಾಂಸ ಮುಟ್ಟುವ ಹಾಗಿಲ್ಲ. ನಾನು ಶಿಸ್ತಿನ ಮನುಷ್ಯ. ಬಕೆಟನ್ನು ಸೋಪು ಹಾಕಿ ತೊಳೆದು ಕವುಚಿಟ್ಟೆ. ಮನುಷ್ಯರಿಗೆಲ್ಲ ವ್ರತ ಎಂದು ಗೊತ್ತಿತ್ತು. ಕಾಗೆಗಳಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ವೀಣಾ ನನ್ನನ್ನು ಎಬ್ಬಿಸಿದಳು.

"ಏಳಿ. ಹೊರಗೆ ನಿಮ್ಮ ಗಿರಾಕಿಗಳು ಬಂದಿದ್ದಾರೆ."

ನೋಡಿದರೆ ಗೇಟಿನ ಮೇಲೆ, ನೀರಿನ ಟ್ಯಾಂಕಿಯ ಮೇಲೆ, ಕಾರಿನ ಮೇಲೆ, ಬಟ್ಟೆಯ ಹಗ್ಗದ ಮೇಲೆ, ಎಲ್ಲೆಲ್ಲೂ ಕಾಗೆ! ಮನೆ ಹುಡುಕಿಕೊಂಡು ಬಂದಿದ್ದವು! ನಾನು ಕಿಟಕಿಯಿಂದ ಮುಖ ಹಾಕಿದ್ದೇ ತಡ, ಎಲ್ಲವೂ ಒಟ್ಟಿಗೆ ಬಾಯಿ ತೆರೆದವು. ಸಮಾಧಾನ ಮಾಡುವ ಎಂದು ಉಪ್ಪಿಟ್ಟು ಹಾಕಿದೆ. ಒಂದು ಹಿರಿಯ ಕಾಗೆ ಹತ್ತಿರ ಬಂದು, ಉಪ್ಪಿಟ್ಟನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಉಪ್ಪಿಟ್ಟನ್ನು ನೋಡಿತು. ಅಂಥ ನೋಟವನ್ನು ನಾನು ಮದುವೆಯಾದ ಹೊಸತರಲ್ಲಿ ವೀಣಾಳ ತವರಿನಲ್ಲಿ ಮಾತ್ರ ಕಂಡದ್ದು.

ಆ ವಾರವಿಡೀ ನಾನು ಕೊಡೆ ಹಿಡಿದು ತಿರುಗಿದೆ. ಒಂದು ಹನಿ ಮಳೆ ಇಲ್ಲದ ಬೇಸಿಗೆಯಲ್ಲಿ!

"ಪ್ಲಾನ್ ಬಿಟ್ಟುಬಿಡಿ," ಎಂದಳು ವೀಣಾ. "ಗರುಡ ಬರದಿದ್ರೆ ಬರದಿರ್ಲಿ. ನಾಲ್ಕು ಜನ ಹಿರಿಯರು ಸೇರಿ ದೊಡ್ಡಮ್ಮನ ಹತ್ರ ಮಾತಾಡುವ."

"ಮಾತಾಡಿ ಮುಗಿಯುವ ಜಗಳ ಆಗಿದ್ರೆ ಇಷ್ಟು ವರ್ಷ ಯಾಕೆ ಮುಗೀಲಿಲ್ಲ? ಅವತ್ತು ಹಲಸಿನ ಮರದ ಹಿಂದೆ ಮಾವನ ಮುಖ ನೀನು ನೋಡಿಲ್ಲ."

ಅವಳು ಎದ್ದು ಅಡಿಗೆಮನೆಗೆ ಹೋದಳು. ಎದ್ದು ಹೋದಳು ಎಂದರೆ ಒಪ್ಪಿದಳು ಎಂದಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಇದು ಗೊತ್ತಿರುತ್ತದೆ.

ಬ್ರಹ್ಮಕಲಶದ ದಿನ. ಚಪ್ಪರದ ತುಂಬ ಜನ. ಮುಂದಿನ ಸಾಲಿನಲ್ಲಿ ಶಿರ್ತಾಡಿ ದೊಡ್ಡಮ್ಮ, ಸುತ್ತ ಕೆಳಗಿನ ಮನೆಯವರು. ಯಾರೂ ಚೀಲವನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ, ಬಸ್ಸಿಗೆ ಹೊರಟವರ ಹಾಗೆ. ಬೆಳ್ತಂಗಡಿಯ ಷಡ್ಡಕ ಮೊಬೈಲನ್ನು ಕೋಲಿಗೆ ಸಿಕ್ಕಿಸಿ ಲೈವ್ ಬಿಡುತ್ತಿದ್ದ. ನಾನು ತಲೆಗೆ ಜರಿಯ ಶಾಲು ಸುತ್ತಿಕೊಂಡು, ಚಪ್ಪರದ ಅಂಚಿನ ಕಂಬದ ಹಿಂದೆ ನಿಂತಿದ್ದೆ. ಸಂಕೇತ ಸರಳ. ನಾನು ಮಿಸ್ ಕಾಲ್ ಕೊಡುವುದು, ಉಮೇಶಣ್ಣ ಮುಖ್ಯ ರಸ್ತೆಯಲ್ಲಿ ಮೂರು ಹಾರ್ನು ಹೊಡೆದು ಸುಮ್ಮನೆ ಮನೆಗೆ ಹೋಗುವುದು. "ಸುಮ್ಮನೆ ಮನೆಗೆ" ಎಂಬುದನ್ನು ನಾನು ಒತ್ತಿ ಒತ್ತಿ ಹೇಳಿದ್ದೆ.

ತಂತ್ರಿಗಳು ಏಣಿ ಹತ್ತಿದರು. ಮುಗುಳಿ ಕೂರಿಸಿದರು. ವಾದ್ಯ ಜೋರಾಯಿತು. ಎಲ್ಲರ ಕತ್ತು ಮೇಲೆ.

ಆಕಾಶ ಖಾಲಿ.

ಖಾಲಿ ಎಂದರೆ ಒಂದು ನೊಣವೂ ಇಲ್ಲ. ವಾರವಿಡೀ ನನ್ನ ಮನೆಯ ಟ್ಯಾಂಕಿಯ ಮೇಲೆ ಕೂತಿದ್ದ ಸೈನ್ಯ ಸರಿಯಾಗಿ ಆ ಹೊತ್ತಿಗೆ ಎಲ್ಲಿಗೋ ಹೋಗಿತ್ತು. ಮಾವ ಅಂಗಳದ ನಡುವೆ ಕೈಮುಗಿದು ನಿಂತಿದ್ದರು. ದೊಡ್ಡಮ್ಮ ಗಟ್ಟಿಯಾಗಿಯೇ ಕೇಳಿದರು.

"ಎಲ್ಲಿ ಮಾರಾಯ್ರೆ ಗರುಡ? ಬಸ್ಸು ತಪ್ಪಿತಾ?"

ಕೆಳಗಿನ ಮನೆಯವರು ಕಿಸಕ್ಕೆಂದರು. ನಾನು ಮಿಸ್ ಕಾಲ್ ಕೊಟ್ಟೆ.

"ಪೋಂ ಪೋಂ ಪೋಂಯ್ಯ್!"

ಮೊದಲು ಬಂದದ್ದು ಹಕ್ಕಿಗಳಲ್ಲ. ಮನುಷ್ಯರು. ವಾರವಿಡೀ ಮೀನಿನ ಮುಖ ನೋಡದ ಹೆಂಗಸರು, ಆ ಹಾರ್ನು ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ಗುಡಿಯಿಂದ ರಸ್ತೆಯ ಕಡೆಗೆ ತಿರುಗಿದರು! ಇಬ್ಬರು ಎದ್ದೇ ಬಿಟ್ಟರು. ಹಿಂದಿನ ಸಾಲಿನ ಒಬ್ಬ ಅಜ್ಜಿ, ಕಣ್ಣು ಮುಚ್ಚಿ ಧ್ಯಾನ ಮಾಡುತ್ತಿದ್ದವರು, ಕಣ್ಣು ತೆರೆಯದೆಯೇ ಹೇಳಿದರು.

"ಬಂಗುಡೆ ಉಂಟಾ ಕೇಳು ಮಗಾ. ಫ್ರೆಶ್ ಆದ್ರೆ ಮಾತ್ರ."

ಅಷ್ಟರಲ್ಲಿ ಯಾರೋ ಕೂಗಿದರು.

"ಗರುಡ! ಅಗಾ ನೋಡಿ, ಗರುಡ!"

ಬಂದ! ಟವರಿನ ಕಡೆಯಿಂದ, ರೆಕ್ಕೆ ಚಾಚಿ, ಬಿಸಿಲಿಗೆ ಬಿಳಿ ತಲೆ ಹೊಳೆಯುತ್ತ, ನನ್ನ ಮ್ಯಾನೇಜರ್ ಬಂದ! ಸರಿಯಾಗಿ ಮುಗುಳಿಯ ಮೇಲೆ ಒಂದು ಸುತ್ತು. ವಾದ್ಯದವರು ಏರಿಸಿದರು. ಮೊಬೈಲುಗಳೆಲ್ಲ ಎದ್ದವು. ಎರಡನೇ ಸುತ್ತು. ಮಾವನ ಕಣ್ಣಿನಿಂದ ನೀರು ಹರಿಯಿತು. ದೊಡ್ಡಮ್ಮನೇ ಎದ್ದು ನಿಂತು ಕೈಮುಗಿದರು. ನಾನು ಕಂಬದ ಹಿಂದಿನಿಂದ ವೀಣಾಳ ಕಡೆ ನೋಡಿದೆ. ನೋಡಿದೆಯಾ, ಎಂದು ಹುಬ್ಬು ಹಾರಿಸಿದೆ. ಜೀವನದಲ್ಲಿ ಅಷ್ಟು ಎತ್ತರಕ್ಕೆ ನನ್ನ ಹುಬ್ಬು ಯಾವತ್ತೂ ಹೋಗಿರಲಿಲ್ಲ.

ಮ್ಯಾನೇಜರ್ ಕೆಲಸದ ನಡುವೆ ಎದ್ದು ಬಂದಿದ್ದ ಎಂದು ನನಗೆ ಏನು ಗೊತ್ತು? ಮೀನು ಮಾರ್ಕೆಟಿನಿಂದ ನೇರ ಬಂದಿದ್ದ. ಕಾಲಿನಲ್ಲಿ ಅರ್ಧ ತಿಂದ ಬಂಗುಡೆ. ಅದನ್ನು ಮೊದಲು ಕಂಡದ್ದು ಕಾಗೆಗಳು. ಎಲ್ಲಿದ್ದವೋ, ಹಿಂಡು ಹಿಂಡಾಗಿ ಬಂದು ಮ್ಯಾನೇಜರನ ಬಾಲಕ್ಕೆ ಬಿದ್ದವು. ಒಂದು ಎಡದಿಂದ ಕುಟ್ಟಿತು, ಒಂದು ಬಲದಿಂದ. ಮೂರನೇ ಸುತ್ತು ಅರ್ಧ ಆಗಿತ್ತು. ಮ್ಯಾನೇಜರ್ ತಪ್ಪಿಸಿಕೊಳ್ಳಲು ಓರೆಯಾದ. ಕಾಲು ಸಡಿಲಾಯಿತು.

ಟಪ್.

ಹೊಸ ತಾಮ್ರದ ಮಾಡಿನ ಮೇಲೆ ಬಿತ್ತು. ಜಾರಿತು. ನಿಧಾನಕ್ಕೆ, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಏಣಿಯ ಮೇಲೆ ನಿಂತ ತಂತ್ರಿಗಳ ಮೊಣಕೈ ತನಕ ಜಾರಿ ಬಂದು ನಿಂತಿತು.

ವಾದ್ಯ ನಿಂತಿತು. ನಾಗಸ್ವರದವನೊಬ್ಬ ಕಣ್ಣು ಮುಚ್ಚಿದ್ದರಿಂದ ಇನ್ನೂ ಊದುತ್ತಿದ್ದ. ತಂತ್ರಿಗಳು ಬಂಗುಡೆಯನ್ನು ನೋಡಿದರು. ಆಮೇಲೆ ಬಹಳ ಶಾಂತವಾಗಿ ಕೆಳಗೆ ನೋಡಿ ಕೇಳಿದರು.

"ಯಜಮಾನರೇ, ಈ ದ್ರವ್ಯ ನಾನು ಹೇಳಿರ್ಲಿಲ್ಲವಲ್ಲ?"

ಮಾವ ತಪ್ಪು ತಮ್ಮದೇ ಎಂಬ ಹಾಗೆ ತಂತ್ರಿಗಳಿಗೆ ಕೈಮುಗಿದರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ಹಕ್ಕಿಯ ಕಾಲಿನಿಂದ ಬಿದ್ದದ್ದಕ್ಕೆ ಯಾರು ಏನು ಮಾಡಲಿಕ್ಕಾಗುತ್ತದೆ ಎಂದು ಯಾರೋ ಹೇಳಿದರು. ಹೌದು ಹೌದು ಎಂದು ನಾನೂ ಕಂಬದ ಹಿಂದಿನಿಂದ ಜೋರಾಗಿ ಸೇರಿಸಿದೆ. ಅಲ್ಲಿಗೆ ಮುಗಿಯಬಹುದಿತ್ತು. ಗಾಬರಿಯಲ್ಲಿ ಬೆವರು ಒರೆಸಲು ತಲೆಯ ಶಾಲು ತೆಗೆಯದಿದ್ದರೆ!

ತೆಗೆದೆ. ಬಿಸಿಲು ಬಿತ್ತು. ತಲೆ ಹೊಳೆಯಿತು.

ಕಾಗೆಗಳು ಬಂಗುಡೆಯನ್ನು ಮರೆತವು. ಆಕಾಶದಲ್ಲಿದ್ದ ಅಷ್ಟೂ ಒಮ್ಮೆಗೆ ನನ್ನ ಕಡೆ ತಿರುಗಿ ಇಳಿದವು. ಒಂದು ಕುರ್ಚಿಯ ಬೆನ್ನಿನ ಮೇಲೆ, ಒಂದು ಹೂವಿನ ತೋರಣದ ಮೇಲೆ, ಒಂದು ಷಡ್ಡಕನ ಮೊಬೈಲಿನ ಕೋಲಿನ ಮೇಲೆ. ಉಪ್ಪಿಟ್ಟು ನೋಡಿದ ಆ ಹಿರಿಯ ಕಾಗೆ ನನ್ನ ಹೆಗಲ ಮೇಲೆಯೇ ಕೂತು ಕಿವಿಗೆ ಬಾಯಿಟ್ಟು "ಕಾ" ಎಂದಿತು. ಮ್ಯಾನೇಜರ್ ಮೇಲಿನಿಂದ ನನ್ನನ್ನೇ ನಡುವಿಟ್ಟುಕೊಂಡು ಸುತ್ತತೊಡಗಿದ. ಬೆಳ್ಳಕ್ಕಿಗಳು ಅಂಗಳದಲ್ಲಿ ಸಾಲಾಗಿ ಇಳಿದು ನಡೆದು ಬಂದವು, ಆಮಂತ್ರಣ ಇದ್ದವರ ಹಾಗೆ.

ನಾನೂರು ಜನ ನನ್ನನ್ನು ನೋಡುತ್ತಿದ್ದರು. ಲೈವಿನಲ್ಲಿ ಇನ್ನೆಷ್ಟೋ!

"ಜಗದೀಶ," ದೊಡ್ಡಮ್ಮ ನಿಧಾನಕ್ಕೆ ಕೇಳಿದರು, "ಇವಕ್ಕೆ ನಿನ್ನ ಪರಿಚಯ ಹೇಗೆ?"

ಅದೇ ಗಳಿಗೆಗೆ ಬಿಳಿ ಪಂಚೆ ಉಟ್ಟು, ಗಂಧ ಹಚ್ಚಿಕೊಂಡು, ಮುಖದ ತುಂಬ ಹೆಮ್ಮೆ ಹೊತ್ತು ಉಮೇಶಣ್ಣ ಅಂಗಳಕ್ಕೆ ಬಂದ. ಸುಮ್ಮನೆ ಮನೆಗೆ ಹೋಗಬೇಕಾಗಿದ್ದ ಉಮೇಶಣ್ಣ!

"ಜಗದೀಶಣ್ಣ! ಬಂದ ಅಲ್ವಾ ಮ್ಯಾನೇಜರ್? ಮೂರು ಹಾರ್ನ್ ಸಾಕಾಯ್ತಾ, ಇನ್ನೊಂದು ಹೊಡೀಬೇಕಾ?"

ಆಮೇಲೆ ನಡೆದ ಹತ್ತು ನಿಮಿಷವನ್ನು ನಾನು ವಿವರಿಸುವುದಿಲ್ಲ. ಬೇಕಾದವರು ಷಡ್ಡಕನ ಪೇಜಿನಲ್ಲಿ ನೋಡಬಹುದು. ಬಾಯಿಗೆ ಬಂದ ಎಲ್ಲವನ್ನೂ ಒಪ್ಪಿಕೊಂಡೆ. ಬಕೆಟು, ಸೈಟು, ಬಂಗುಡೆ ತಲೆ, ಎಲ್ಲ.

ಕೊನೆಗೆ ಮಾವ ದೊಡ್ಡಮ್ಮನ ಎದುರು ಹೋಗಿ ನಿಂತರು. ಸೊಂಟದಿಂದ ಗುಡಿಯ ಬೀಗದ ಕೈ ತೆಗೆದರು.

"ಅಕ್ಕ, ನನಗೆ ಇದೊಂದೂ ಗೊತ್ತಿರ್ಲಿಲ್ಲ. ದೈವದ ಎದುರು ನಿಂತು ಹೇಳ್ತೇನೆ. ಆದ್ರೆ ಮಾತು ಮಾತೇ. ಮೂರು ಸುತ್ತು ಆಗ್ಲಿಲ್ಲ. ತೆಕ್ಕೊಳ್ಳಿ."

ದೊಡ್ಡಮ್ಮ ಬೀಗದ ಕೈ ನೋಡಿದರು. ಮಾವನನ್ನು ನೋಡಿದರು. ಹೆಗಲ ಮೇಲೆ ಕಾಗೆ ಇದ್ದ ನನ್ನನ್ನು ನೋಡಿದರು. ಅವರ ಗಲ್ಲ ಒಮ್ಮೆ ಅದುರಿತು. ಸಿಟ್ಟು ಎಂದುಕೊಂಡೆ. ಅಲ್ಲ, ನಗು! ತಡೆಯಲು ನೋಡಿದರು, ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕುಸಿದರು.

"ನಿನಗೆ ಗೊತ್ತಿರ್ಲಿಲ್ಲ ಅಂತ ನನಗೆ ಗೊತ್ತುಂಟು ಸಂಜೀವ. ಇಷ್ಟು ದೊಡ್ಡ ಮಂಗಬುದ್ಧಿ ನಮ್ಮ ಕುಟುಂಬದ್ದಲ್ಲ. ಅಳಿಯನಾಗಿ ಹೊರಗಿಂದ ಬಂದದ್ದು. ಅಲ್ಲ ಮಾರಾಯ, ಇಂಥವನನ್ನು ಇಟ್ಕೊಂಡು ನೀನು ಇಷ್ಟು ವರ್ಷ ಹೇಗೆ ಸಂಭಾಳಿಸಿದ್ದು?"

"ಎಂತ ಹೇಳುದು ಅಕ್ಕ!" ಮಾವ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತೇ ಬಿಟ್ಟರು. "ಮದುವೆಯ ವರ್ಷ ಇವನು ಬಾವಿಗೆ ಪಂಪು ಇಳಿಸಿದ ಕಥೆ ಗೊತ್ತುಂಟಾ ನಿಮಗೆ?"

"ಅದು ಯಾವುದು? ನನಗೆ ಯಾರೂ ಹೇಳ್ಲಿಲ್ಲ!"

ಹೇಗೆ ಹೇಳುವುದು? ಮಾತೇ ಇರಲಿಲ್ಲವಲ್ಲ! ಅಷ್ಟು ವರ್ಷದ ನನ್ನ ಅಷ್ಟೂ ಎಡವಟ್ಟು ಬಾಕಿ ಇತ್ತು. ಮಾವ ಒಂದೊಂದಾಗಿ ತೆಗೆದರು.

ತಂತ್ರಿಗಳು ಶುದ್ಧಿ ಮಾಡಬೇಕೆಂದರು. ಮಾಡು ತೊಳೆಯಲಿಕ್ಕೆ, ಮತ್ತೆ ಕಲಶಕ್ಕೆ ಬಾವಿ ನೀರು ಸೇದಲಿಕ್ಕೆ ಜನ ಬೇಕಾಯಿತು. ಮೇಲಿನ ಮನೆಯವರು ಸಾಲಲಿಲ್ಲ. ಕೆಳಗಿನ ಮನೆಯ ಹೆಂಗಸರು ಕೈಯ ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ ಕೊಡ ಹಿಡಿದರು. ನಾನೂ ಒಂದು ಕೊಡ ಹಿಡಿದೆ.

"ಅವನ ಕೈಗೆ ಕೊಡ್ಬೇಡಿ!" ಎರಡೂ ಮನೆಯವರು ಒಟ್ಟಿಗೆ ಕೂಗಿದರು.

ಎರಡನೇ ಸಲ ತೀರ್ಥ ಎರೆಯುವಾಗ ಗರುಡ ಬಂತೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾಕೆಂದರೆ ಯಾರೂ ಮೇಲೆ ನೋಡಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನ್ನ ಮೊಬೈಲು, ಇನ್ನೊಂದು ಮಿಸ್ ಕಾಲ್ ಹೋಗದ ಹಾಗೆ, ವೀಣಾಳ ಕೈಯಲ್ಲಿತ್ತು.

ಅವತ್ತು ಕೆಳಗಿನ ಮನೆಯವರು ಊಟ ಮಾಡದೆ ಬಸ್ಸು ಹತ್ತಲಿಲ್ಲ. ಸಂಜೀವ ಮಾವ ಮತ್ತು ಶಿರ್ತಾಡಿ ದೊಡ್ಡಮ್ಮ ಒಂದೇ ಸಾಲಿನಲ್ಲಿ, ಅಕ್ಕಪಕ್ಕ ಎಲೆ ಹಾಕಿಸಿಕೊಂಡು, ಪಾಯಸ ಬರುವ ತನಕ ನನ್ನ ಕಥೆ ಹೇಳಿ ನಕ್ಕರು. ಬೀಗದ ಕೈ ಮಾವನ ಸೊಂಟಕ್ಕೆ ವಾಪಸ್ ಹೋಯಿತು. ಎಷ್ಟು ಹಿರಿಯರು ಕೂತು ಮಾತಾಡಿದರೂ ಆಗದ ರಾಜಿ ಆಯಿತು. ಎರಡು ಮನೆಯವರೂ ಒಪ್ಪುವ ಒಂದು ವಿಷಯ ಕೊನೆ‌ಗೂ ಸಿಕ್ಕಿತ್ತು, ನಾನು!

ನನಗೆ ಮಾತ್ರ ಒಳಗೆ ಎಲೆ ಹಾಕಲಿಲ್ಲ. "ನೀನು ಹೊರಗೆ ಕೂತುಕೋ ಮಾರಾಯ, ಇಲ್ಲದಿದ್ರೆ ನಿನ್ನ ಕಡೆಯವರೆಲ್ಲ ಒಳಗೆ ಬರ್ತಾರೆ," ಎಂದರು ದೊಡ್ಡಮ್ಮ. ಹಲಸಿನ ಮರದ ಅಡಿಯಲ್ಲಿ, ಕೊಡೆ ಬಿಡಿಸಿಕೊಂಡು, ಅನ್ನ ಸಾರು ಉಂಡೆ. ಸುತ್ತ ಕಾಗೆಗಳು ಕೂತಿದ್ದವು. ಹಪ್ಪಳ ಅವೇ ತಿಂದವು.

ಈಗ ನಿಮ್ಮ ಸರದಿ. ನಿಮ್ಮ ಬೀದಿಯ ಹಕ್ಕಿಗಳು ನಿಮ್ಮ ಮಾನ ತೆಗೆದದ್ದು ಉಂಟೇ? ಕಾಗೆ, ಪಾರಿವಾಳ, ನವಿಲು, ಯಾವುದಾದರೂ ಆದೀತು. ನಾಚಿಕೆ ಬೇಡ, ಕೆಳಗೆ ವಿವರವಾಗಿ ಬರೆಯಿರಿ. ನನ್ನದಕ್ಕಿಂತ ದೊಡ್ಡ ಮಂಗಬುದ್ಧಿ ಯಾರಾದರೂ ಮಾಡಿದ್ದರೆ ದಯವಿಟ್ಟು ಬೇಗ ಬರೆಯಿರಿ. ವೀಣಾಳಿಗೆ ತೋರಿಸಬೇಕು. ಇಂಥವನು ಜಿಲ್ಲೆಯಲ್ಲಿ ನಾನೊಬ್ಬನೇ ಎಂದು ಅವಳು ಹೇಳುತ್ತಿದ್ದಾಳೆ.